ಕೆಂಪು ಹುರಿ ಸುತ್ತಿದ ಚಾಕು

ಪಟ್ಟಿ ತುಂಡಾಗಲಿಲ್ಲ.

ಅವಳು ಇನ್ನೊಮ್ಮೆ ಒತ್ತಿದಳು. ಅಲಗು ಹಳದಿ ಪ್ಲಾಸ್ಟಿಕ್ ಪಟ್ಟಿಯ ಮೇಲಿಂದ ಜಾರಿ, ರಟ್ಟಿನ ಪೆಟ್ಟಿಗೆಯ ಮೈಮೇಲೆ ಒಂದು ಗೆರೆ ಎಳೆದು ನಿಂತಿತು. ಗೆರೆಯೂ ಆಳವಾಗಿರಲಿಲ್ಲ, ಉಗುರಿನಿಂದ ಗೀಚಿದ ಹಾಗಿತ್ತು. ಚಾಕು ಹೊರಬಂದಾಗ ಪರೀಕ್ಷಾ ಕೋಣೆಯಲ್ಲಿ ಮಾತು ನಿಂತಿತ್ತು. ಅದು ಕತ್ತರಿಸುವುದಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಶುರುವಾಯಿತು.

"ಮೇಡಂ, ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ?" ಎಂದ ಮುರುಕ.

ಮುರುಕ ಎನ್ನುವುದು ಅವನ ಹೆಸರಲ್ಲ, ಕೆಲಸ. ಕಂಪನಿ ತಯಾರಿಸುವ ಹೀಟರು, ಇಸ್ತ್ರಿಪೆಟ್ಟಿಗೆ, ಫ್ಯಾನುಗಳನ್ನು ಸೊಂಟದೆತ್ತರದಿಂದ ಬೀಳಿಸಿ, ಎಷ್ಟು ಸಲಕ್ಕೆ ಮುರಿಯುತ್ತವೆ ಎಂದು ನೋಡುವುದಕ್ಕೆ ಅವನಿಗೆ ಸಂಬಳ. ಆ ಪೆಟ್ಟಿಗೆಗಳ ತಳದಲ್ಲಿ ಮಡಚಿಕೊಂಡು ಬರುವ, ಯಾರೂ ಓದದ ಸೂಚನಾಪತ್ರ ಬರೆಯುವುದಕ್ಕೆ ಅವಳಿಗೆ. ಅವನು ಮುರಿದು ತೋರಿಸುತ್ತಾನೆ. ಅವಳು ಮುರಿಯಬೇಡಿ ಎಂದು ಬರೆಯುತ್ತಾಳೆ.

ಬೆಳಿಗ್ಗೆ ಹೊಸ ಹೀಟರಿನ ಮಾದರಿ ಬಂದಿತ್ತು. ಅದನ್ನು ಬಿಗಿದ ಪಟ್ಟಿ ಬಿಚ್ಚಲು ಕತ್ತರಿ ಸಿಗಲಿಲ್ಲ. ಮುರುಕ ಬೀಗದ ಕೈಯಿಂದ ಮೀಟಿ ನೋಡಿದ, ಸ್ಕ್ರೂಡ್ರೈವರ್ ತೂರಿಸಿದ, ಕೊನೆಗೆ ಹಲ್ಲು ಹಾಕುವುದಕ್ಕೂ ಬಗ್ಗಿದ. ಸೂಚನಾಪತ್ರಕ್ಕೆ ಚಿತ್ರ ಬಿಡಿಸುವ ಹುಡುಗಿ ನಗುತ್ತಾ ಅವನಿಗೆ ಹುರುಪು ತುಂಬುತ್ತಿದ್ದಳು. ಮ್ಯಾನೇಜರು ಕೈಕಟ್ಟಿ ನಿಂತಿದ್ದರು. ಆಗ ಅವಳ ಕೈ ಅವಳನ್ನು ಕೇಳದೆ ಚೀಲದೊಳಗೆ ಹೋಯಿತು. ಕೇಳದೆ ಎಂಬುದು ಪೂರ್ತಿ ನಿಜವಲ್ಲ. ಎಲ್ಲರೂ ಒದ್ದಾಡುತ್ತಿರುವಾಗ ತನ್ನ ಹತ್ತಿರ ಒಂದಿದೆ ಎಂಬ ಸಣ್ಣ ಜಂಬ ಗಂಟಲವರೆಗೂ ಬಂದಿತ್ತು.

ಅಂಗೈಯಷ್ಟು ಉದ್ದದ ಚಾಕು. ಮಡಚಲು ಬರುವುದಿಲ್ಲ, ಅಲಗು, ಹಿಡಿ ಎರಡೂ ಒಂದೇ ಉಕ್ಕಿನ ತುಂಡು, ಹಿಡಿಗೆ ಕೆಂಪು ಹುರಿ ಸುತ್ತಿದೆ. ಗಟ್ಟಿ ಪ್ಲಾಸ್ಟಿಕ್ಕಿನ ಒರೆಯ ಅಂಚಿಗೆ ಹೆಬ್ಬೆರಳು ಒತ್ತಿದರೆ ಟಕ್ ಎಂದು ಕೈಗೆ ಬರುತ್ತದೆ. ಬಚ್ಚಲುಮನೆಯ ಕನ್ನಡಿಯ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿದ್ದರಿಂದ ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಆಯಿತು.

ಮುರುಕ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಅಂಗೈ ಮೇಲೆ ಎಳೆದುಕೊಂಡ. ಚಿತ್ರದ ಹುಡುಗಿ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ.

"ಬ್ರೆಡ್ಡಿಗೆ ಬೆಣ್ಣೆ ಹಚ್ಚೋಕೆ ಚೆನ್ನಾಗಿದೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಉಳಿದವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಗುತ್ತಿದ್ದಳು.

ಮ್ಯಾನೇಜರು ತಮ್ಮ ಕೋಣೆಗೆ ಕರೆದರು. ಬಾಗಿಲು ಮುಚ್ಚಲೋ ಬೇಡವೋ ಎಂದು ಯೋಚಿಸಿ ಅರ್ಧ ಮುಚ್ಚಿದರು. ಒಳ್ಳೆಯ ಮನುಷ್ಯ, ಕಷ್ಟದ ಮಾತು ಬಂದಾಗ ಮೇಜಿನ ಮೇಲಿನ ಪಿನ್ನುಗಳನ್ನು ಸಾಲಾಗಿ ಜೋಡಿಸುತ್ತಾರೆ. ಕಾರ್ಖಾನೆಯೊಳಗೆ ಆಯುಧ ತರುವಂತಿಲ್ಲ ಎಂದರು. ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ಇಲ್ಲ ಎಂದಳು. ಮತ್ತೆ ದಾರಿಯಲ್ಲಿ? ಏನೂ ಆಗಿಲ್ಲ ಎಂದಳು. ಅದು ನಿಜವೇ. ಏನೂ ಆಗದೆ ಇದ್ದದ್ದನ್ನು ಇನ್ನೊಬ್ಬರಿಗೆ ಹೇಗೆ ಹೇಳಬೇಕು ಎಂಬುದು ಮಾತನ್ನೇ ಕಸುಬು ಮಾಡಿಕೊಂಡ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ.

ಅವರು ಅಲಗನ್ನು ಹೆಬ್ಬೆರಳಿನಿಂದ ಸವರಿದರು. ಒಂದು ಹಾಳೆಯ ಅಂಚಿಗೆ ತಾಗಿಸಿ ಎಳೆದರು. ಹಾಳೆ ಮಡಚಿಕೊಂಡಿತು. ಅವರ ಮುಖ ಹಗುರವಾಯಿತು.

"ಇದನ್ನ ಆಯುಧ ಅಂತ ನಾನು ಬರೆದು ಕಳಿಸಿದ್ರೆ, ಮೇಲಿನವರು ನನ್ನನ್ನ ನೋಡಿ ನಗ್ತಾರೆ ಅಷ್ಟೆ. ಇಟ್ಕೊಳ್ಳಿ, ಪರವಾಗಿಲ್ಲ. ನಿಮಗೂ ಒಂದು ಧೈರ್ಯ ಇರುತ್ತೆ."

ಕಸಿದುಕೊಂಡಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಥ್ಯಾಂಕ್ಸ್ ಹೇಳಿ, ಚಾಕುವನ್ನು ಪೆನ್ನಿನ ಹಾಗೆ ಹಿಡಿದುಕೊಂಡು ಹೊರಗೆ ಬಂದಳು.

ಊಟದ ಹೊತ್ತಿನಲ್ಲಿ ಪರೀಕ್ಷಾ ಕೋಣೆ ಖಾಲಿಯಾಯಿತು. ತಂತಿಗಳ ಬೆಸುಗೆ ನೋಡುವ ದೊಡ್ಡ ಭೂತಗನ್ನಡಿಯ ಕೆಳಗೆ ಅವಳು ಚಾಕುವನ್ನು ಇಟ್ಟು ದೀಪ ಹಾಕಿದಳು.

ಅಲಗಿನ ಅಂಚು ಸವೆದಿರಲಿಲ್ಲ. ಸವೆದಿದ್ದರೆ ಅಲ್ಲಲ್ಲಿ ಹಲ್ಲು ಬಿದ್ದಿರುತ್ತಿತ್ತು, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇರುತ್ತಿತ್ತು. ಇಲ್ಲಿ ಹಿಡಿಯ ಬುಡದಿಂದ ಮೊನೆಯವರೆಗೂ ಅಂಚು ಒಂದೇ ಸಮನೆ ಚಪ್ಪಟೆಯಾಗಿತ್ತು. ಮೊನೆಯನ್ನೂ ಬರಿಗಣ್ಣಿಗೆ ಗೊತ್ತಾಗದ ಹಾಗೆ ದುಂಡಗೆ ಮಾಡಲಾಗಿತ್ತು. ಸಾಣೆಚಕ್ರ ತಿರುಗಿದ ಗೆರೆಗಳು ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ ಮಲಗಿದ್ದವು. ಯಾರೋ ಆತುರವಿಲ್ಲದೆ, ನೀಟಾಗಿ, ಹೆಚ್ಚುಕಡಿಮೆ ಪ್ರೀತಿಯಿಂದ ಈ ಕೆಲಸ ಮಾಡಿದ್ದರು.

ಯಾರು ಎಂದು ಯೋಚಿಸುವ ಅಗತ್ಯ ಬೀಳಲಿಲ್ಲ. ಕೊಂಡು ತಂದಾಗ ಹಿಡಿಗೆ ಸುತ್ತಿದ್ದದ್ದು ಕಪ್ಪು ಹುರಿ. ಸ್ವಲ್ಪ ದಿನದ ಮೇಲೆ ಗಂಡ ಅದನ್ನು ಕೈಯಲ್ಲಿ ತೂಗಿ ನೋಡಿ, ಹುರಿ ಸಡಿಲವಾಗಿದೆ, ಬೆವರಿದರೆ ಕೈ ಜಾರುತ್ತೆ ಎಂದಿದ್ದ. ಅವನು ಲಿಫ್ಟುಗಳ ತಪಾಸಣೆಗಾರ. ಅವರ ವರ್ಕ್‌ಶಾಪಿನಲ್ಲಿ ಎಲ್ಲ ಉಪಕರಣವೂ ಇರುತ್ತದೆ. ಮಾರನೆಯ ಸಂಜೆ ಕೆಂಪು ಹುರಿ ಸುತ್ತಿಸಿಕೊಂಡು ತಂದುಕೊಟ್ಟಿದ್ದ. ಕೊನೆಗೂ ಇವನಿಗೆ ಅರ್ಥವಾಯಿತು ಎಂದುಕೊಂಡು ಆ ಸಂಜೆ ಅವಳ ಕಣ್ಣು ತೇವವಾಗಿತ್ತು. ಈಗ ಆ ತೇವವನ್ನು ವಾಪಸು ಪಡೆಯುವ ದಾರಿ ಯಾವುದೂ ಕಾಣಲಿಲ್ಲ.

ಇದೆಲ್ಲ ಅವಳಿಗೆ ಇಷ್ಟು ತಿಂಗಳು ತಿಳಿಯದೆ ಹೋದದ್ದಕ್ಕೆ ಕಾರಣ ಇನ್ನೂ ನಾಚಿಕೆಗೇಡಿನದು. ಅವರ ವಿಭಾಗಕ್ಕೆ ಒಂದೇ ಕಟ್ಟುಪಾಡು: ವಸ್ತುವನ್ನು ಕೈಯಲ್ಲಿ ಹಿಡಿದು, ಮಾಡಿ ನೋಡದೆ ಒಂದು ವಾಕ್ಯವನ್ನೂ ಬರೆಯಕೂಡದು. ಅದನ್ನು ಅವಳಷ್ಟು ಕಟ್ಟುನಿಟ್ಟಾಗಿ ಪಾಲಿಸುವವರಿಲ್ಲ. ಹೀಟರಿನ ಮುಚ್ಚಳ ಬಿಸಿಯಾಗುತ್ತದೆ ಎಂದು ಬರೆಯುವ ಮೊದಲು ಬೆರಳು ಸುಟ್ಟುಕೊಂಡವಳು ಅವಳು. ಅವಳ ಪ್ರತಿ ಸೂಚನಾಪತ್ರದ ಮೊದಲ ಸಾಲು, ಬಳಸುವ ಮೊದಲು ಪರೀಕ್ಷಿಸಿ. ಆದರೆ ಈ ಚಾಕುವಿನಿಂದ ಅವಳು ಒಂದು ದಾರವನ್ನೂ ಕತ್ತರಿಸಿರಲಿಲ್ಲ. ಹರಿತ ವ್ಯರ್ಥವಾಗಬಾರದು, ಬೇಕಾದ ದಿನಕ್ಕೆ ಹೊಸದಾಗಿಯೇ ಇರಲಿ ಎಂದು ಕಾಪಾಡಿಕೊಂಡು ಬಂದಿದ್ದಳು. ವಾರಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರೆಸುವಾಗ ಕೂಡ ಅಂಚಿಗೆ ಬೆರಳು ತಾಗದ ಹಾಗೆ ನೋಡಿಕೊಂಡಿದ್ದಳು, ಹೆದರಿ.

ಬಾಗಿಲಲ್ಲಿ ಮುರುಕ ತಲೆ ಹಾಕಿ, ಕತ್ತರಿ ಸಿಕ್ಕಿತು, ಹೀಟರಿನ ಪೆಟ್ಟಿಗೆಯ ಹಿಂದೆಯೇ ಬಿದ್ದಿತ್ತು ಎಂದ. ಚಾಕುವನ್ನು ಕಂಡು ಒಂದು ಕ್ಷಣ ತಡೆದ.

"ಬೇಜಾರು ಮಾಡ್ಕೋಬೇಡಿ ಮೇಡಂ. ಸುಮ್ನೆ ತಮಾಷೆಗೆ ಅಂದೆ."

ಇಲ್ಲ, ಚೆನ್ನಾಗಿತ್ತು ತಮಾಷೆ, ಎಂದಳು.

ಮಧ್ಯಾಹ್ನವೆಲ್ಲ ಹೊಸ ಹೀಟರಿನ ಎಚ್ಚರಿಕೆಗಳನ್ನು ಬರೆದಳು. ಮಕ್ಕಳ ಕೈಗೆ ಸಿಗದಂತೆ ಇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಬೇರೆಯವರಿಂದ ರಿಪೇರಿ ಮಾಡಿಸಬೇಡಿ. ಮೂರನೆಯದನ್ನು ಬರೆದು, ಬಹಳ ಹೊತ್ತು ನೋಡುತ್ತಾ ಕುಳಿತಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದಿನವೂ ಅದರೊಳಗೆ ಒಂದು ಭಾರ ಇರುತ್ತಿತ್ತು. ಚೀಲದ ಒಳಬದಿಗೆ ತಾನೇ ಹೊಲಿದ ಜೇಬಿನಲ್ಲಿ, ಕೈ ಹಾಕಿದರೆ ಹಿಡಿಯೇ ಮೊದಲು ಸಿಗುವ ಹಾಗೆ. ಭಾರ ಇವತ್ತೂ ಅಷ್ಟೇ ಇತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಮೋಸ ಮಾಡಿದ ವಸ್ತು ಸ್ವಲ್ಪ ಹಗುರವಾದರೂ ಆಗಬೇಡವೇ?

ಬಸ್ಸಿಳಿದು ಮನೆಗೆ ಹೋಗಬೇಕಾದರೆ ರೈಲುಹಳಿಯ ಕೆಳಗಿನ ಸುರಂಗದಾರಿ ದಾಟಬೇಕು. ನಡುವೆ ಅದು ಮೊಣಕೈಯ ಹಾಗೆ ತಿರುಗುತ್ತದೆ. ಮನೆಯ ಕಡೆಯ ಬಾಯಲ್ಲಿ, ನೆಲದ ಹತ್ತಿರ ಕೂರಿಸಿದ ಒಂದೇ ದೀಪ. ಕಳೆದ ವರ್ಷ ಒಂದು ಸಂಜೆ ಅಲ್ಲಿ ಅವಳ ಹಿಂದೆ ಯಾರೋ ಬಂದಿದ್ದರು. ಅವಳು ನಿಧಾನ ಮಾಡಿದರೆ ನಿಧಾನ, ಜೋರು ಮಾಡಿದರೆ ಜೋರು. ದೀಪದ ಹತ್ತಿರ ಬಂದು ತಿರುಗಿ ನೋಡಿದಾಗ ಯಾರೂ ಇರಲಿಲ್ಲ. ಅಷ್ಟೇ. ಗಂಡನಿಗೆ ಹೇಳಿದರೆ, ಏನಾದ್ರೂ ಮಾಡಿದ್ನಾ ಎಂದು ಕೇಳಿದ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, ಏನೂ ಆಗ್ಲಿಲ್ವಲ್ಲ, ಬಿಡು ಅತ್ಲಾಗೆ, ಎಂದಳು. ಅವಳಿಗೆ ನಿದ್ದೆ ಬಾರದಾಯಿತು. ರಜೆ ಹಾಕತೊಡಗಿದಳು. ಕೆಲಸ ಬಿಡುವ ಮಾತು ಮನೆಯೊಳಗೆ ಒಂದು ಸಾಮಾನಿನ ಹಾಗೆ ಬಂದು ಮೂಲೆಯಲ್ಲಿ ಕುಳಿತಿತು.

ಆಮೇಲೆ ಗಂಡ ಬಸ್‌ಸ್ಟಾಪಿಗೆ ಬಂದು ಕಾಯಲು ಶುರುಮಾಡಿದ. ಅವಳು ಇಳಿದ ಕೂಡಲೇ ಚೀಲ ತೆಗೆದುಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ಪುಣ್ಯ ಮಾಡಿದ್ದೀಯ ಎಂದಳು ಪಕ್ಕದ ಮನೆಯಾಕೆ. ಅವಳಿಗೆ ಮಾತ್ರ, ಸಹಿ ಹಾಕಿ ಪಡೆದುಕೊಳ್ಳುವ ಪಾರ್ಸೆಲ್ ತಾನು ಎನ್ನಿಸುತ್ತಿತ್ತು. ಕೆಲಸ ಮುಗಿಯುವುದು ತಡವಾದರೆ ಅವನಿಗೆ ಫೋನು ಮಾಡಬೇಕು. ಬೇಗ ಮುಗಿದರೆ ಅವನು ಬರುವವರೆಗೆ ನಿಲ್ಲಬೇಕು. ಒಂದು ದಿನ ಚಾಕು ಕೊಂಡು ತಂದು, ನಾಳೆಯಿಂದ ನೀನು ಬರುವುದು ಬೇಡ ಎಂದಳು. ಅವನು ಚಾಕುವನ್ನೂ ಅವಳನ್ನೂ ನೋಡಿದ. "ಈರುಳ್ಳಿ ಹೆಚ್ಚುವಾಗ ಕೈ ಕೊಯ್ಕೊಳ್ಳೋಳು ನೀನು," ಎಂದ. ಒರೆಯ ಜೊತೆ ಒಂದು ಸೂಚನಾಪತ್ರವೂ ಇತ್ತು: ಕಾಡಿನಲ್ಲಿ ದಾರಿ ತಪ್ಪಿದಾಗ ಹಗ್ಗ ಕತ್ತರಿಸಲು, ಸೌದೆ ಸೀಳಲು, ಮೀನು ಶುಚಿಮಾಡಲು, ಒಟ್ಟಿನಲ್ಲಿ ಬದುಕಿ ಉಳಿಯಲು. ತುಂಬ ಕೆಟ್ಟದಾಗಿ ಬರೆದಿದ್ದರು. ದಾರಿ ಗೊತ್ತಿರುವ ಕಡೆ ಹೇಗೆ ಉಳಿಯಬೇಕು ಎಂದು ಅದರಲ್ಲಿರಲಿಲ್ಲ.

ಆದರೂ ಅವಳು ಉಳಿದಿದ್ದಳು. ಈ ತಿಂಗಳುಗಳಲ್ಲಿ ಸುರಂಗದೊಳಗೆ ಹಿಂದೆ ಹೆಜ್ಜೆ ಕೇಳಿದ್ದುಂಟು, ಒಂದೆರಡು ಸಲವಲ್ಲ. ಆಗೆಲ್ಲ ಕೈ ಚೀಲದೊಳಗೆ ಹೋಗುತ್ತಿತ್ತು, ಹೆಬ್ಬೆರಳು ಒರೆಯ ಅಂಚಿನ ಮೇಲೆ ಕೂರುತ್ತಿತ್ತು. ಟಕ್ ಎನ್ನುವುದು ಸುರಂಗದಲ್ಲಿ ದೊಡ್ಡದಾಗಿ ಕೇಳುತ್ತದೆ. ಹಿಂದಿನ ಹೆಜ್ಜೆ ನಿಂತುಬಿಡುತ್ತಿತ್ತು. ಅವಳು ತಿರುಗಿ ಕೂಡ ನೋಡದೆ, ತಲೆ ಎತ್ತಿಕೊಂಡು ನಡೆದು ಮನೆ ಸೇರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗಂಡ ಅಂಗಡಿಯಿಂದ ಬರುತ್ತಿದ್ದ, ಕೈಯಲ್ಲಿ ಒಂದು ಬೆಂಕಿಪೊಟ್ಟಣ, ಇಲ್ಲದಿದ್ದರೆ ಬ್ರೆಡ್ಡು. ಮನೆಯಲ್ಲಿ ಬೆಂಕಿಪೊಟ್ಟಣ ಇಡಲು ಜಾಗ ಇರಲಿಲ್ಲ. ಊರಿಗೆ ಬೆಂಕಿ ಹಚ್ಚುತ್ತೀಯಾ ಎಂದು ಅವಳು ರೇಗಿಸಿದ್ದಳು. ಅವನು ಖುಷಿಯಲ್ಲಿದ್ದರೆ ಲಿಫ್ಟುಗಳ ಕತೆ ಹೇಳುತ್ತಿದ್ದ. ಬಾಗಿಲು ಮುಚ್ಚಲೆಂದು ಜನ ಒತ್ತುವ ಗುಂಡಿಗೆ ಎಷ್ಟೋ ಕಡೆ ವೈರೇ ಇರುವುದಿಲ್ಲವಂತೆ. ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. "ಜನಕ್ಕೆ ಒತ್ತೋಕೆ ಏನಾದ್ರೂ ಒಂದು ಬೇಕು. ಇಲ್ಲಾಂದ್ರೆ ಒಳಗೆ ಗಾಬರಿ ಬೀಳ್ತಾರೆ." ಅವಳು ಆ ಜನರನ್ನು ನೆನೆದು ನಕ್ಕಿದ್ದಳು.

ಇವತ್ತು ತಿರುವಿನ ಹತ್ತಿರ ಹೆಜ್ಜೆ ಕೇಳಿಸಿತು.

ಕೈ ಚೀಲದೊಳಗೆ ಹೋಯಿತು. ಹುರಿ ಬೆರಳಿಗೆ ತಾಗಿತು. ತಾಗಿದ ಕೂಡಲೇ, ತನ್ನ ಕೈಯಲ್ಲಿರುವುದು ಏನು ಎಂದು ಗೊತ್ತಿದ್ದವಳು ಓಡಿದಳು. ಕಾಲೇಜು ಬಿಟ್ಟ ಮೇಲೆ ಓಡಿರಲಿಲ್ಲ. ಚಪ್ಪಲಿಯ ಸದ್ದು ಗೋಡೆಗಳಿಗೆ ಬಡಿದು, ನಾಲ್ಕಾರು ಹೆಂಗಸರು ಒಟ್ಟಿಗೆ ಓಡುತ್ತಿರುವ ಹಾಗೆ ಕೇಳಿಸಿತು. ದೀಪ ದಾಟಿ, ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಬೀಗ ತೆಗೆದು ಒಳಗೆ ಬಂದು ನಿಂತಾಗ ಬಾಯಿ ಒಣಗಿ ನಾಲಿಗೆ ಅಂಟಿತ್ತು.

ಅಡುಗೆಮನೆಯಲ್ಲಿ ನೀರು ಕುಡಿಯುತ್ತಿರುವಾಗ ಗಂಡ ಬಂದ. ಅವನ ಎದೆಯೂ ಏರಿಳಿಯುತ್ತಿತ್ತು. ಕೈಯಲ್ಲಿ ಬೆಂಕಿಪೊಟ್ಟಣ.

"ಯಾಕೆ ಇವತ್ತು ಓಡಿದೆ?"

ಅವಳು ಲೋಟ ಕೆಳಗಿಟ್ಟಳು. ಇಟ್ಟ ಮೇಲೆ ಆ ಮಾತು ಅವಳೊಳಗೆ ಇಳಿಯಿತು. ಓಡಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಅವನಿಗೂ ಹೊಳೆದಿರಬೇಕು. ಬೆಂಕಿಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕಡ್ಡಿ ಇವೆಯೋ ಎಂದು ನೋಡುವವನ ಹಾಗೆ ನಿಂತ.

"ನೀನಾ?"

"ಏನು?"

"ಹಿಂದೆ ಬರ್ತಿದ್ದದ್ದು. ದಿನಾ."

"ದಿನಾ ಏನಿಲ್ಲ. ನನಗೂ ಕೆಲಸ ತಡ ಆಗುತ್ತಲ್ಲ."

"ತಡ ಆದ ದಿನ ಯಾರು ಬರ್ತಿದ್ರು?"

"ಅದು ನನಗೆ ಹೇಗೆ ಗೊತ್ತಿರುತ್ತೆ?"

ಅವಳು ಚಾಕುವನ್ನು ಮೇಜಿನ ಮೇಲಿಟ್ಟಳು, ಒರೆಯಿಲ್ಲದೆ. ಅವನು ಕುರ್ಚಿ ಎಳೆದುಕೊಂಡು ಕುಳಿತ.

"ಯಾವಾಗ ಗೊತ್ತಾಯ್ತು?"

ಇದನ್ನು ಯಾಕೆ ಇಲ್ಲಿಟ್ಟೆ ಎಂದು ಅವನು ಕೇಳಲಿಲ್ಲ. ಆ ಒಂದು ಪ್ರಶ್ನೆಯ ಮರ್ಯಾದೆಯನ್ನಾದರೂ ಉಳಿಸಬಹುದಿತ್ತು ಎನ್ನಿಸಿತು ಅವಳಿಗೆ. ಆಫೀಸಿನಲ್ಲಿ ಎಲ್ಲರೂ ನಕ್ಕರು ಎಂದಳು. ಅವನು ನಗಲಿಲ್ಲ. ಸಿಟ್ಟು ಕೂಡ ಮಾಡಲಿಲ್ಲ. ಹಗ್ಗ ತುಂಡಾದರೂ ಲಿಫ್ಟು ಬೀಳುವುದಿಲ್ಲ ಎಂದು ಗಿರಾಕಿಗಳಿಗೆ ವಿವರಿಸುವ ದನಿಯಲ್ಲಿ ಹೇಳಿದ:

"ನೋಡು. ಒಬ್ಬಳನ್ನೇ ಬಿಡೋಕೆ ನನ್ನ ಮನಸ್ಸು ಒಪ್ಪಲಿಲ್ಲ, ಹಿಂದೆ ಬಂದೆ. ಚೂಪು ಚಾಕು ಹಿಡ್ಕೊಂಡಿರೋ ಹೆಂಗಸಿನ ಹಿಂದೆ ಕತ್ತಲಲ್ಲಿ ನಡೆಯೋಕೆ ನನಗೇನು ತಲೆ ಕೆಟ್ಟಿದ್ಯಾ? ಗಾಬರಿಲಿ ತಿರುಗಿ ಒಂದೇಟು ಹಾಕಿದ್ರೆ?"

"ಪಕ್ಕದಲ್ಲಿ ಬರಬಹುದಿತ್ತು."

"ಬರ್ತಿದ್ದೆ. ಬೇಡ ಅಂದಿದ್ಯಾರು?"

ಅವನ ಒಂದೊಂದು ವಾಕ್ಯವೂ ಸರಿಯಾಗಿತ್ತು. ತಿದ್ದಲು ಅವಳಿಗೆ ಏನೂ ಸಿಗಲಿಲ್ಲ. ಎಲ್ಲವನ್ನೂ ಸೇರಿಸಿದಾಗ ಮಾತ್ರ, ಮನುಷ್ಯರು ಬಳಸಲಾಗದ ಯಂತ್ರವೊಂದು ಅವರಿಬ್ಬರ ನಡುವೆ ಮೇಜಿನ ಮೇಲೆ ಕುಳಿತಿತ್ತು. ಇಷ್ಟು ತಿಂಗಳ ಅವಳ ಹೆದರಿಕೆ ಅವನು. ಆ ಹೆದರಿಕೆಯನ್ನು ಅವಳು ಗೆದ್ದದ್ದು ಅವನು ಹೆಜ್ಜೆ ನಿಲ್ಲಿಸಿದ್ದರಿಂದ. ತಲೆ ಎತ್ತಿ ನಡೆದ ಸಂಜೆಗಳಲ್ಲಿ ತನ್ನದು ಎನ್ನುವಂಥದ್ದು ಯಾವುದಾದರೂ ಉಳಿದಿದೆಯೇ ಎಂದು ಹುಡುಕಿದಳು. ಅವನು ಬರಲು ತಡವಾದ ಸಂಜೆಗಳು ಇದ್ದವು. ಅವು ಯಾವುವು ಎಂದು ಅವಳಿಗೆ ಗೊತ್ತಿರಲಿಲ್ಲ.

"ಇಷ್ಟು ತಿಂಗಳು ನೀನು ರಜೆ ಹಾಕದೆ ಓಡಾಡಿದೆ. ಕೆಲಸ ಮಾಡ್ತಲ್ಲ ಅದು," ಎಂದ ಅವನು, ಚಾಕುವಿನ ಕಡೆ ಗದ್ದದಿಂದ ತೋರಿಸಿ. ಆಮೇಲೆ, ಬೇಕಾದರೆ ಕೊಡು, ನಾಳೆ ಹರಿತ ಮಾಡಿಸಿಕೊಂಡು ಬರ್ತೀನಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಕೈ ಚಾಚಿಯೂ ಚಾಚಿದ.

ಅವಳು ಚಾಕುವನ್ನು ತನ್ನ ಕಡೆ ಎಳೆದುಕೊಂಡಳು. ಕೊಟ್ಟರೆ ನಾಳೆ ಸಂಜೆ ವಾಪಸು ಬರುವುದು ಏನು? ಅದನ್ನು ಯಾವುದರ ಮೇಲೆ ಪರೀಕ್ಷಿಸುವುದು?

"ನಾಳೆಯಿಂದ ನನ್ನ ಹಿಂದೆ ಬರಬೇಡ."

"ಆಯ್ತು."

ಗುಂಡಿ ಒತ್ತಿದ ಕೂಡಲೇ ಬಂದ ಹಾಗಿತ್ತು ಉತ್ತರ. ಅದರ ಹಿಂದೆ ವೈರು ಇದೆಯೋ ಇಲ್ಲವೋ ಎಂದು ಅವಳು ಅವನ ಮುಖವನ್ನು ನೋಡಿದಳು. ಮುಖ ಎಂದಿನಂತೆ ಶಾಂತವಾಗಿತ್ತು. ಎಂದಿನಂತೆ ಎಂಬುದೇ ಈಗ ಉಪಯೋಗಕ್ಕೆ ಬಾರದ ಮಾತಾಗಿತ್ತು. ಅವನು ಬರಲಿ, ಬಾರದೆ ಇರಲಿ, ಇನ್ನು ಮೇಲೆ ಹಿಂದಿನ ಹೆಜ್ಜೆ ಯಾರದೆಂದು ಹೇಳುವ ಹಾಗಿಲ್ಲ. ಒಬ್ಬಳೇ ನಡೆಯುತ್ತಿದ್ದೇನೆ ಎಂದು ತಿಳಿಯುವ ಹಾಗೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು.

ಚಾಕು ಹಿಡಿದು ಎದ್ದು ಚಪ್ಪಲಿ ಮೆಟ್ಟಿದಳು.

"ಈಗ ಎಲ್ಲಿಗೆ?"

"ಬೆಂಕಿಪೊಟ್ಟಣ ತರೋಕೆ."

ಅವನು ಕುರ್ಚಿಯಿಂದ ಅರ್ಧ ಎದ್ದ. ಬರಬೇಡ ಎಂದಳು. ಇಲ್ಲ ಎಂದು ತಲೆ ಆಡಿಸಿದ. ಅವಳು ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಚಿಲಕ ಹಾಕಲೇ ಎಂದು ಒಂದು ಕ್ಷಣ ನಿಂತು, ಹಾಕದೆ ಇಳಿದಳು. ಹಾಕಿದರೆ ಪರೀಕ್ಷೆಯಾಗುವುದಿಲ್ಲ.

ಸುರಂಗದಾರಿಯಲ್ಲಿ ಆಗ ಯಾರೂ ಇರಲಿಲ್ಲ. ಮನೆಯ ಕಡೆಯಿಂದ ಆ ಹೊತ್ತಿನಲ್ಲಿ ಅವಳು ಒಳಗೆ ಹೋಗಿದ್ದು ಅದೇ ಮೊದಲು. ದೀಪ ಬೆನ್ನ ಹಿಂದೆ ಉಳಿಯಿತು. ಮುಂದೆ, ದಾರಿ ತಿರುಗುವ ಕಡೆಯ ಗೋಡೆಯ ಮೇಲೆ ಅವಳ ನೆರಳು ತಲೆ ಚಾವಣಿಗೆ ತಾಗಿಕೊಂಡು ನಿಂತಿತ್ತು. ಅವಳು ನಡೆದಂತೆ ಅದು ಚಿಕ್ಕದಾಗುತ್ತಾ, ಅವಳನ್ನು ಎದುರುಗೊಳ್ಳಲು ಕೆಳಗಿಳಿಯುತ್ತಾ ಬಂತು.

ತಿರುವಿಗೆ ಇನ್ನೂ ಅರ್ಧ ದಾರಿ ಇರುವಾಗ ಹಿಂದೆ ಹೆಜ್ಜೆ ಕೇಳಿಸಿತು.

ಅವಳು ನಿಂತಳು. ಅದು ನಿಂತಿತು. ನಡೆದಳು, ನಡೆಯಿತು. ಅವನ ನಡಿಗೆ ಹೇಗಿರುತ್ತದೆ ಎಂದು ನೆನಪು ಮಾಡಿಕೊಳ್ಳಲು ಯತ್ನಿಸಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವನು ಎಡಗಾಲು ಊರುವ ಸದ್ದು ಅವಳಿಗೆ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಮುಗಿಯಿತು. ಅವನಾಗಿದ್ದರೆ ಒಂದು ಮುಗಿಯುತ್ತದೆ, ಅವನಲ್ಲದಿದ್ದರೆ ಇನ್ನೊಂದು. ಅವಳು ತಿರುಗಲಿಲ್ಲ. ಒರೆಯಿಲ್ಲದ ಚಾಕುವನ್ನು ಪಕ್ಕಕ್ಕೆ ಚಾಚಿ ಹಿಡಿದು, ಗೋಡೆಯನ್ನೇ ನೋಡುತ್ತಾ ಹೆಜ್ಜೆ ಹಾಕಿದಳು.

ದೀಪದ ಕಡೆಯಿಂದ ಇನ್ನೊಂದು ನೆರಳು ಗೋಡೆಯನ್ನು ಏರಿತು. ಅವಳದಕ್ಕಿಂತ ಎಷ್ಟೋ ದೊಡ್ಡದು. ಅದು ಅವಳ ನೆರಳಿನ ಕಾಲನ್ನು ಮುಚ್ಚಿತು, ಸೊಂಟವನ್ನು ಮುಚ್ಚಿತು, ತಲೆಯನ್ನೂ ತನ್ನೊಳಗೆ ತೆಗೆದುಕೊಂಡಿತು. ಕೊನೆಗೆ ಆ ಕಪ್ಪಿನಿಂದ ಹೊರಗೆ ಉಳಿದದ್ದು ಚಾಕು ಮಾತ್ರ. ಯಾರ ಕೈಯಲ್ಲಿದೆ ಎಂದು ಹೇಳುವ ಹಾಗಿರಲಿಲ್ಲ. ಗೋಡೆಯ ಮೇಲೆ ಅದು ತುಂಬ ಚೂಪಾಗಿ ಕಾಣುತ್ತಿತ್ತು.